ಎಡಗಡೆಯ ಮಂಕು

ಮಾರ್ಚ್ 3, ಬೆಳಗ್ಗೆ
ಎಂದಿನಂತೆ ಕಾಫಿಗೆ ಮೊದಲು ಹಳೇ ರೇಡಿಯೋ ರಿಸೀವರ್ ಸ್ವಿಚ್. ಒಳಗಿನ ಗಾಜಿನ ವಾಲ್ವ್‌ಗಳು ಬಿಸಿಯಾಗುವವರೆಗೆ ಕಾದಂಬರಿಯ ಎರಡು ಪುಟ. ಅನುವಾದ ಒರಟು, ತಪ್ಪಿಗೆ ಗೆರೆ ಎಳೆಯಲು ಪೆನ್ಸಿಲ್ ಕೈಯಲ್ಲೇ. ಸೆಟ್ಟಿಗೆ ನನಗಿಂತ ಹೆಚ್ಚು ವಯಸ್ಸು. ಬಿಚ್ಚಿ, ತೊಳೆದು, ಸುಟ್ಟ ಭಾಗ ಬದಲಿಸಿ ಜೀವ ಕೊಟ್ಟವರು ಭಾವ — ಹೆಂಡತಿಯ ಅಣ್ಣ. ಅವರ ಹೊಸ ಅಂಗಡಿಯಲ್ಲಿ ಮಾರಾಟವಾದ ಮೊದಲ ಸೆಟ್. ಗಾಜಿನೊಳಗೆ ಕೆಂಡದಂಥ ಬೆಳಕು. ಪಿಟೀಲು ಪಕ್ಕದಲ್ಲೇ ಕೂತು ನುಡಿಸಿದ ಹಾಗೆ. ಆದರೆ ಎಡಗಡೆ... ಸ್ವಲ್ಪ ಮಂಕು?

ಮಾರ್ಚ್ 9
ಭಾವ ಬಂದಿದ್ದರು. ಎಡದ ವಾಲ್ವ್ ಬಲಕ್ಕೆ, ಬಲದ್ದು ಎಡಕ್ಕೆ. ದೋಷ ವಾಲ್ವಿನದಾದರೆ ಅದರ ಜೊತೆಗೇ ಮಂಕೂ ಬಲಕ್ಕೆ ಹೋಗಬೇಕಂತೆ. ಹೋಗಲಿಲ್ಲ. ಸ್ಪೀಕರ್‌ಗಳನ್ನೂ ಅದಲುಬದಲು ಮಾಡಿದರು. ಎಡಗಡೆಯೇ ಮಂಕು.
"ಎರಡೂ ಒಂದೇ ಸಮ ಇದೆಯಲ್ರೀ! ಇನ್ನು ಗೋಡೆ ಬದಲಾಯಿಸ್ಲಾ?" ಎಂದರು ಭಾವ.
"ನಂಗೂ ಸಮನಾಗೇ ಕೇಳ್ತಿದೆ," ಎಂದಳು ಹೆಂಡತಿ.
ಅಣ್ಣ-ತಂಗಿ. ಇನ್ನೇನು ಹೇಳಿಯಾರು!

ಮಾರ್ಚ್ 16, ಸಂಜೆ
ಹೆಂಡತಿಯ ಚಿಕ್ಕಪ್ಪನ ಮನೆಯಲ್ಲಿ ಊಟ. ಊಟಕ್ಕೆ ಬಂದಿದ್ದ ಹಲ್ಲಿನ ಡಾಕ್ಟರೊಬ್ಬರು ಭಾವನಿಂದ ಇನ್ನೂ ದೊಡ್ಡ ಸೆಟ್ ಕೊಳ್ಳುವವರಿದ್ದರು. "ನಿಮ್ದು ಹೇಗಿದೆ?" ಎಂದರು. ನಾನು ಮಾತು ಕಡಿಮೆಯವನು. ಇವತ್ತು ನಾಲಿಗೆ ಸಡಿಲ. "ಒಂದು ಕಡೆ ಕುಂಟು. ರಿಪೇರಿ ಅಂತಾರೆ, ಆಗಿರೋದು ಪಾಲಿಶ್." ಎಲ್ಲರೂ ನಕ್ಕರು. ಭಾವನೂ ನಕ್ಕರು — ತಡವಾಗಿ.

ಮಾರ್ಚ್ 19
ಡಾಕ್ಟರ್ ಸೆಟ್ ಬೇಡವೆಂದರಂತೆ. ಹೆಂಡತಿ ಊಟ ಬಡಿಸಿ ಎದ್ದು ಹೋದಳು. "ಅಣ್ಣ ಕೆಲಸ ಬಿಟ್ಟು ಈ ಅಂಗಡಿ ಹಾಕಿದ್ದು ನಿಮಗೆ ಗೊತ್ತಿತ್ತು."

ಏಪ್ರಿಲ್ 6, ಬೆಳಗ್ಗೆ
ನೆಲ ಒರೆಸಲೆಂದು ಹೆಂಡತಿ ಕುರ್ಚಿ ತಿರುಗಿಸಿಟ್ಟಿದ್ದಳು. ಹಾಗೇ ಕೂತೆ, ಸ್ಪೀಕರ್‌ಗಳಿಗೆ ಬೆನ್ನು ಹಾಕಿ. ಈಗ ಮಂಕಾಗಿದ್ದು ಇಷ್ಟು ದಿನ ಸರಿಯಿದ್ದ ಆ ಇನ್ನೊಂದು ಸ್ಪೀಕರ್! ಎದ್ದು ಎದುರು ತಿರುಗಿದೆ — ಮತ್ತೆ ಮೊದಲಿನದೇ. ದೋಷ ನನ್ನ ಜೊತೆ ತಿರುಗುತ್ತಿದೆ. ಮೇಜಿನ ಗಡಿಯಾರ ಎಡಗಿವಿಗೆ ಹಿಡಿದೆ. ಏನೂ ಇಲ್ಲ. ಬಲಗಿವಿಗೆ — ಟಿಕ್, ಟಿಕ್.
ವಾಕ್ಯ ಅರ್ಥವಾಗದಿದ್ದರೆ ಅನುವಾದಕನ ತಪ್ಪೆಂದು ಗೆರೆ ಎಳೆಯುವ ಪೆನ್ಸಿಲ್ಲು ಅಲ್ಲೇ ಬಿದ್ದಿತ್ತು. ಮುಖ ಎಲ್ಲಿಟ್ಟುಕೊಳ್ಳಲಿ...

ಏಪ್ರಿಲ್ 8
ಕಿವಿಯ ಡಾಕ್ಟರ್ ಹೇಳಿದ್ದೂ ಅದೇ. ಅಲ್ಲಿಂದ ನೇರ ಅಂಗಡಿಗೆ. ಭಾವ ಒಬ್ಬರೇ, ಮಾರಾಟವಾಗದ ಆ ದೊಡ್ಡ ಸೆಟ್ಟಿನ ಧೂಳು ಒರೆಸುತ್ತಿದ್ದರು.
"ಮತ್ತೆ ಎಡಗಡೆನಾ?"
"ಇಲ್ಲ, ಸುಮ್ನೆ ಬಂದೆ."
ಸುಮ್ಮನೆ! ಟೀ ತರಿಸಿದರು. ಕುಡಿದು ಎದ್ದು ಬಂದೆ. ಹೇಡಿ.

ಏಪ್ರಿಲ್ 9
ಹೆಂಡತಿಗೆ ಹೇಳಿದೆ. ನನ್ನ ಕಿವಿಯನ್ನೇ ನೋಡಿದಳು. ಆಮೇಲೆ: "ಅಣ್ಣನ ಹತ್ರ ಗುಟ್ಟಾಗಿ ಹೇಳೋದು ಬೇಡ. ಚಿಕ್ಕಪ್ಪನ ಮನೇಲೇ, ಅಷ್ಟೂ ಜನರ ಮುಂದೆ ಹೇಳಿ. ನಾನು ಎಲ್ರನ್ನೂ ಕರೀತೀನಿ."

ಏಪ್ರಿಲ್ 13, ಭಾನುವಾರ
ಅಂಗಿ ಇಸ್ತ್ರಿಯಾಗಿದೆ. ಹಲ್ಲಿನ ಡಾಕ್ಟರೂ ಬರುತ್ತಾರಂತೆ. ಹೆಂಡತಿ ಬಲಗಡೆ ಬಂದು ನಿಂತು "ಹೊರಡೋಣ್ವಾ?" ಎಂದಳು — ಈಗ ಯಾವಾಗಲೂ ಬಲಗಡೆಯೇ. ಒಂದು ನಿಮಿಷ ಎಂದೆ. ಬಾಯಿ ತಡವರಿಸಬಾರದು, ಬರೆದು ನೋಡುತ್ತೇನೆ:
ಭಾವ, ನಿಮ್ಮ ಸೆಟ್ಟಿನಲ್ಲಿ ಏನೂ ದೋಷವಿರಲಿಲ್ಲ. ಮಂಕಾಗಿದ್ದು ನನ್ನ ಎಡಗಿವಿ.