ಸಂತೆಯ ಬಯಲಿಗೆ ನ್ಯಾಯದ ಹೆಸರು

ನಗರಸಭೆಯ ವಿದೇಶ ಸ್ನೇಹ ವಿಭಾಗದ ಮುಖ್ಯಸ್ಥರೇ,

ಬರುವ ಭಾನುವಾರ ಜಪಾನಿನ ಈ ನಮ್ಮ ಊರಿನ ಹೊಳೆದಂಡೆಯ ಪಾರ್ಕಿನಲ್ಲಿ ನೀವು ಅನಾವರಣ ಮಾಡಲಿರುವ ಫಲಕ ಸುಳ್ಳು ಹೇಳುತ್ತದೆ. ಐರ್ಲೆಂಡಿನ ನಮ್ಮ ಸೋದರ ಊರಿನ ನಡುವಿರುವ ಬಯಲನ್ನು ಅದು ‘ನ್ಯಾಯದ ಬಯಲು’ ಎನ್ನುತ್ತದೆ. ಬಡವರಿಗೆ ಅಲ್ಲಿ ನ್ಯಾಯ ಸಿಗುತ್ತಿತ್ತು ಎಂದೂ ಸೇರಿಸುತ್ತದೆ. ಆ ಸುಳ್ಳನ್ನು ನಿಮಗೆ ಕೊಟ್ಟವನು ನಾನೇ. ಮೂರು ವಾರದಿಂದ ವಾಪಸ್ ಕೇಳುತ್ತಿದ್ದೇನೆ, ನೀವು ಕೊಡುತ್ತಿಲ್ಲ.

ಕನ್ನಡದಲ್ಲೇಕೆ ಬರೆಯುತ್ತಿದ್ದೇನೆ ಅಂದರೆ, ಜಪಾನಿಯಲ್ಲಿ ಬರೆದರೆ ಕ್ಷಮೆ ಕೇಳುವುದರಲ್ಲೇ ಪುಟ ಮುಗಿಯುತ್ತದೆ. ಇಂಗ್ಲಿಷಿನಲ್ಲಿ ಬರೆದರೆ ಏನಾಗುತ್ತದೆಂದು ಈಗಾಗಲೇ ನೋಡಿದ್ದೇವೆ. ಇಲ್ಲಿನ ಕನ್ನಡ ಸಂಘದ ಜಾಲತಾಣದಲ್ಲಿ ಇದು ಇಂದೇ ಪ್ರಕಟವಾಗುತ್ತದೆ. ಸೊಸೆ ನಮ್ರತಾ ನಿಮಗಾಗಿ ಜಪಾನಿಗೆ ಅನುವಾದಿಸುತ್ತಾಳೆ. ಮೆತ್ತಗೆ ಮಾಡಬೇಡಮ್ಮ ಎಂದು ಹೇಳಿದ್ದೇನೆ.

ನನ್ನ ಹೆಂಡತಿ ವಿಶಾಲಾಕ್ಷಿ ಐರ್ಲೆಂಡಿನ ಆ ಊರಿನ ವೃದ್ಧರ ಆಸ್ಪತ್ರೆಯಲ್ಲಿ ಎರಡು ವರ್ಷ ನರ್ಸ್ ಆಗಿದ್ದಳು, ಜೊತೆಗೆ ನಾನೂ ಇದ್ದೆ. ಐದು ಕಮಾನಿನ ಕಲ್ಲುಸೇತುವೆ, ಕೆಳಗೆ ಡಿಕಾಕ್ಷನ್ ಬಣ್ಣದ ನದಿ, ದಂಡೆಯಲ್ಲಿ ಹಿಂದೆ ಓಟ್ಸ್ ಮೂಟೆ, ಲಿನನ್ ಬಟ್ಟೆ ತುಂಬಿದ ದೋಣಿಗಳು ನಿಲ್ಲುತ್ತಿದ್ದ ಕಟ್ಟೆ. ಆ ಕಟ್ಟೆಗೆ ಅವರು ಬರೆಯುವುದು ಕ್ಯೂ, ಯು, ಎ, ವೈ, ಅನ್ನುವುದು ‘ಕೀ’. ಆರು ತಿಂಗಳು ನಾನು ‘ಕ್ವೇ’ ಅಂದೆ. ಮಾಂಸದಂಗಡಿಯವನು ಕೀ ಹತ್ತಿರ ಸಿಗೋಣ ಅಂದಾಗ ಜೇಬು ತಡಕಿಕೊಂಡೆ. “ರೀ, ನೀವು ಇಂಗ್ಲಿಷ್ ಬಿ.ಎ. ಮಾಡಿದ್ದು ಮಾತಾಡೋಕೋ, ಪಾಸಾಗೋಕೋ?” ಎಂದು ವಿಶಾಲಾಕ್ಷಿ ನಕ್ಕಿದ್ದಳು. ಅವಳು ಹೋಗಿ ನಾಲ್ಕು ವರ್ಷ. ನನ್ನ ಇಂಗ್ಲಿಷನ್ನು ತಿದ್ದುವವರು ಈಗ ಯಾರೂ ಇಲ್ಲ. ಇರಲಿ, ವಿಷಯಕ್ಕೆ ಬರುತ್ತೇನೆ.

ಆ ಊರು ಕಂಡವನೆಂದು ನಿಮ್ಮವರು ನನ್ನನ್ನು ಕರೆದು, ಅಲ್ಲಿನ ಬಯಲಿನ ಹೆಸರು ‘ಫೇರ್ ಗ್ರೀನ್’, ಹಾಗಂದರೇನು ಎಂದು ಕೇಳಿದರು. ಕಾಲೇಜಿನಲ್ಲಿ ಮೇಷ್ಟ್ರು ಬರೆಸಿದ್ದು ತಟ್ಟನೆ ನೆನಪಾಯಿತು: ಫೇರ್ ಎಂದರೆ ನ್ಯಾಯವಾದ, ಪಕ್ಷಪಾತವಿಲ್ಲದ. ಗ್ರೀನ್ ಎಂದರೆ ಹುಲ್ಲುಬಯಲು. ನಾನಿದ್ದಾಗ ಅಲ್ಲಿ ಕಾರು ನಿಲ್ಲಿಸುತ್ತಿದ್ದರು, ಬೇರೆ ಅರ್ಥ ಹೊಳೆಯುವುದಾದರೂ ಹೇಗೆ? ಬರೆದುಕೊಟ್ಟೆ. ಕೆಳಗೆ ನನ್ನ ಹಾಂಕೋ, ಅಂದರೆ ಹೆಸರಿನ ಕೆಂಪು ಮುದ್ರೆ, ಅದನ್ನೂ ಒತ್ತಿದೆ. ಹೆಮ್ಮೆಯಿಂದ ಎರಡು ಸಲ ಒತ್ತಿದೆ.

ಆಮೇಲೆ ಫಲಕದ ಬರಹವನ್ನು ವಿಶಾಲಾಕ್ಷಿಯ ಜೊತೆ ಕೆಲಸ ಮಾಡಿದ್ದ ಅಲ್ಲಿನ ನರ್ಸ್ ಮೊರೀನ್‌ಗೆ ಕಳಿಸಿದೆ. ಉತ್ತರ ಬಂತು: “ಜಯಂತ, ಫೇರ್ ಅಂದರೆ ಸಂತೆ. ಬ್ರೈಡಿ ನಿಂತಿದ್ದ ಬಯಲು ಅದೇ ಅಲ್ಲವೇ?”

ಬ್ರೈಡಿ ಎಂದರೆ ವಿಶಾಲಾಕ್ಷಿ ನೋಡಿಕೊಂಡಿದ್ದ ಮುದುಕಿ. ಆ ಊರಲ್ಲಿ ಮೇ ತಿಂಗಳಲ್ಲೊಮ್ಮೆ, ನವೆಂಬರಿನಲ್ಲೊಮ್ಮೆ ಆಳುಗಳ ಸಂತೆ ಸೇರುತ್ತಿತ್ತಂತೆ. ಹನ್ನೊಂದು ವರ್ಷದ ಬ್ರೈಡಿ ಬಟ್ಟೆಯ ಗಂಟು ಹಿಡಿದು ಸಾಲಿನಲ್ಲಿ ನಿಂತಿದ್ದಳು. ಜಮೀನಿನವನೊಬ್ಬ ತೋಳು ಹಿಚುಕಿ ನೋಡಿದ, ಹತ್ತು ಹೆಜ್ಜೆ ನಡೆಸಿ ನೋಡಿದ, ಗಂಟು ತನ್ನ ಕೈಗೆ ತೆಗೆದುಕೊಂಡ. ಗಂಟು ಹೋಯಿತೆಂದರೆ ಮಾತು ಮುಗಿದಂತೆ. ಆರು ತಿಂಗಳು ಅವನ ಮನೆಯ ಆಳು. ಮುಪ್ಪಿನಲ್ಲೂ ಸ್ನಾನ ಮಾಡಿಸುವಾಗ ಯಾರಾದರೂ ತೋಳು ಹಿಡಿದರೆ ಬ್ರೈಡಿ ಚೀರುತ್ತಿದ್ದಳು. ವಿಶಾಲಾಕ್ಷಿ ಪ್ರತಿ ಸಲ “ಹಿಡ್ಕೊಳ್ಳಲಾ?” ಎಂದು ಕೇಳಿಯೇ ಮುಟ್ಟುತ್ತಿದ್ದಳು. ಇದನ್ನೆಲ್ಲ ಊಟದ ತಟ್ಟೆ ಮುಂದೆ ಕೂತು ಕೇಳಿದ್ದೆ ನಾನು. ಯಾವ ಬಯಲು ಎಂದು ಮಾತ್ರ ಕೇಳಲಿಲ್ಲ.

ಹೇಳಿ ಸ್ವಾಮಿ, ಮಕ್ಕಳ ತೋಳು ಹಿಚುಕಿ ನೋಡಿದ ಜಾಗವನ್ನು ನ್ಯಾಯದ ಬಯಲು ಎನ್ನಲು ನಿಮಗೂ ನನಗೂ ಯಾರು ಅಧಿಕಾರ ಕೊಟ್ಟರು?

ತಿದ್ದಿಸಲೆಂದು ನಿಮ್ಮ ಕಚೇರಿಗೆ ಬಂದೆ. ಕೌಂಟರಿನಲ್ಲಿ ಮೋರಿ-ಸಾನ್ ಎಂಬ ಹುಡುಗಿ, ನಡುವೆ ಅನುವಾದಕ್ಕೆ ನಮ್ರತಾ.

“ಸುಮಿಮಾಸೆನ್, ಕ್ಷಮಿಸಿ ಜಯಂತ-ಸಾನ್. ಪರಿಶೀಲನೆ ಮುಗಿದಿದೆ.”

“ಪರಿಶೀಲಿಸಿದವನೇ ತಪ್ಪಾಯಿತು ಅಂತಿದ್ದೀನಲ್ಲಮ್ಮ.”

“ಆದರೆ ನಿಮ್ಮ ಮುದ್ರೆ ಇದೆ. ಎರಡು ಇವೆ.”

“ತಪ್ಪು ಅಂತ ಬರೆದು ಮೂರನೆಯದು ಒತ್ತಲಾ?”

ಆ ಹುಡುಗಿಗೆ ನಗು ಬಂತು. ನಿಮ್ಮ ಕೋಣೆಯ ಬಾಗಿಲು ನೋಡಿ ನುಂಗಿಕೊಂಡಳು. ತಿದ್ದುಪಡಿ ಸಮಿತಿ ಸೇರುವುದು ಏಪ್ರಿಲ್‌ನಲ್ಲಂತೆ. ತಪ್ಪನ್ನು ಎಷ್ಟು ಕ್ರಮಬದ್ಧವಾಗಿ ಕಾಪಾಡುತ್ತೀರಿ. ಸರಿಯಾದದ್ದಕ್ಕೆ ಇದರ ಅರ್ಧ ಕಾವಲು ಇದ್ದಿದ್ದರೆ ನನ್ನಂಥವನ ಇಂಗ್ಲಿಷ್ ನಿಮ್ಮ ಬಾಗಿಲಲ್ಲೇ ಸಿಕ್ಕಿಬೀಳುತ್ತಿತ್ತು.

ಭಾನುವಾರ ಬರುವ ಅತಿಥಿಗಳಲ್ಲಿ ಬ್ರೈಡಿಯ ಮಗಳಿದ್ದಾರೆ ಎಂದು ಮೊರೀನ್ ಬರೆದಿದ್ದಾಳೆ. ಅವರೆದುರು ನಿಂತು ಫಲಕವನ್ನು ಇಂಗ್ಲಿಷಿನಲ್ಲಿ ಓದಲು ನೀವು ಆರಿಸಿರುವುದು ನನ್ನ ಮೊಮ್ಮಗಳು ಚಿನ್ಮಯಿಯನ್ನು. ಅವಳಿಗೀಗ ಹನ್ನೊಂದು. ಬಂದವರು ಸೌಜನ್ಯಕ್ಕೆ ಚಪ್ಪಾಳೆ ತಟ್ಟಬಹುದು. ನನಗೆ ಭಯವಿರುವುದು ಆ ಚಪ್ಪಾಳೆಯದೇ.

ಆದ್ದರಿಂದ ಏಪ್ರಿಲ್ ಬೇಡ, ಶುಕ್ರವಾರ ಸಂಜೆಯೊಳಗೆ. ಫಲಕ ಕೀಳಬೇಕಿಲ್ಲ, ಆ ಎರಡು ಸಾಲಿನ ಮೇಲೆ ಒಂದು ಚೀಟಿ ಅಂಟಿಸಿ: ‘ಸಂತೆಯ ಬಯಲು. ಇಲ್ಲಿ ಮಕ್ಕಳನ್ನು ಆರು ತಿಂಗಳ ದುಡಿಮೆಗೆ ಆರಿಸಿ ಒಯ್ಯುತ್ತಿದ್ದರು.’ ತಪ್ಪು ನನ್ನದೆಂದು ಕೆಳಗೆ ನನ್ನ ಹೆಸರನ್ನೂ ಹಾಕಿ.

ನಿನ್ನೆ ಚಿನ್ಮಯಿಗೆ ಬ್ರೈಡಿಯ ಕತೆಯನ್ನೆಲ್ಲ ಹೇಳಿದೆ. “ತಾತ, ಅವಳೂ ನನ್ನ ಹಾಗೆ ಫಿಫ್ತ್ ಗ್ರೇಡಾ?” ಅಂದಳು. ಸ್ಕೂಲಿಗೆ ಹೋಗಲಿಲ್ಲಮ್ಮ, ಅಂದೆ. ನೀವು ಕಳಿಸಿದ್ದ ಓದುವ ಹಾಳೆಯನ್ನು ಮಡಚಿ ನಿಮ್ಮ ಕಚೇರಿಯ ಲಕೋಟೆಗೇ ತುರುಕಿದಳು. ಓದಲ್ಲ ಅಂತ ಜಪಾನಿಯಲ್ಲಿ ಹೇಳಿದಳು. ನಿಮಗೆ ಅನುವಾದದ ಅಗತ್ಯ ಬೀಳಲಾರದು. ಲಕೋಟೆಯನ್ನು ಇದರ ಜೊತೆ ಕಳಿಸಿದ್ದೇನೆ. ತಿದ್ದಿ ಕಳಿಸಿದರೆ ಓದುತ್ತಾಳೆ.

ಇಂತಿ,
ಅರ್ಥ ತಪ್ಪಿಸಿ ಮುದ್ರೆ ಮಾತ್ರ ನೆಟ್ಟಗೆ ಒತ್ತಿದ
ಜಯಂತ