ಎಣ್ಣೆ ಹನಿ ಕಾಣದ ಮರಿಗಳು

ಸಮುದ್ರದ ಚಿಪ್ಪುಜೀವಿ ಸಿಂಪಿಯ ಮರಿ ಸಾಕುವ ತೊಟ್ಟಿಯ ಮೇಸ್ತ್ರಿಗಳಿಗೆ,

ನನ್ನ ಮೊಮ್ಮಗಳು ಕೆಲಸಕ್ಕೆ ಯಾವಾಗ ಬರುತ್ತಾಳೆಂದು ಕೇಳಿದ್ದೀರಿ. ತನ್ನ ಕೂಸನ್ನು ಮಣ್ಣಿಗಿಟ್ಟು ಬಂದಾಗಿನಿಂದ ಅವಳು ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ತುತ್ತು ಕೊಟ್ಟರೆ ಬಾಯಿ ತೆರೆಯುವುದಿಲ್ಲ. ನನ್ನ ಬೈಗುಳಕ್ಕೂ ಈಗ ಖಾರ ಉಳಿದಿಲ್ಲ.

ನೀವು ಕಳಿಸಿದ ಸಿಂಪಿ ಮರಿಗಳನ್ನು ದೊಡ್ಡದಾಗಿ ಕಾಣಿಸುವ ಫೋಟೋ ಅವಳಿಗೆ ತೋರಿಸಿದೆ. "ಹೊಟ್ಟೆ ಹಸಿರಾಗಿದೆ, ಚೆನ್ನಾಗಿ ತಿಂದಿವೆ" ಎಂದು ನೀವು ಬರೆದದ್ದನ್ನೂ ತಡವರಿಸಿಕೊಂಡು ಓದಿದೆ. ಆಗ ಮಾತ್ರ ಮಾತಾಡಿದಳು.

"ಬರೀ ಹಸಿರು ಪಾಚಿ ಹಾಕಿದಾರೆ ಅಜ್ಜಿ. ಹೊಟ್ಟೆ ತುಂಬತ್ತೆ, ಕೊಬ್ಬು ಕಟ್ಟಲ್ಲ. ಒಳಗೆ ಒಂದು ಎಣ್ಣೆ ಹನೀನೂ ಕಾಣ್ತಿಲ್ಲ. ತೊಟ್ಟೀಲಿಟ್ಟ ಹಳೇ ಚಿಪ್ಪಿಗೆ ಅಂಟ್ಕೊಳ್ಳೋ ದಿನಗಳಲ್ಲಿ ಅವು ಏನೂ ತಿನ್ನಲ್ಲ, ಕೂಡಿಟ್ಟ ಕೊಬ್ಬಲ್ಲೇ ಬದುಕ್ಬೇಕು. ಇವು ಸತ್ತು ತಳ ಸೇರ್ತವೆ. ಚೆಲ್ಲಿಬಿಡೋಕೆ ಹೇಳು."

"ನೀನು ಯಾವ ಕೊಬ್ಬು ಕೂಡಿಟ್ಟಿದೀಯೇ, ಕಡ್ಡಿ?" ಎಂದೆ. ಮತ್ತೆ ಗೋಡೆ ಕಡೆ ತಿರುಗಿದಳು.

ಮೇಸ್ತ್ರಿ, ನಿಮ್ಮನ್ನು ಬೈಯಲು ಬರೆಯುತ್ತಿಲ್ಲ. ಬೈಯಲು ಕೂತರೆ ಈ ಹಾಳೆ ಸಾಲದು. ತೊಟ್ಟಿಯನ್ನು ಚೆಲ್ಲಬೇಡಿ. ಅವಳು ಬೆಳೆಸಿಟ್ಟಿದ್ದ, ಕೊಬ್ಬು ಕಟ್ಟುವ ಕಂದು ಪಾಚಿ ಇನ್ನೂ ಉಳಿದಿದ್ದರೆ ಇಂದೇ ಹಾಕಿ. ಹೊತ್ತು ಮೀರಿದೆಯೆಂದು ನನಗೂ ಗೊತ್ತು. ಅವಳ ಏಪ್ರನ್ ಮೊಳೆಯಲ್ಲೇ ಇರಲಿ, ಬೇರೆಯವರಿಗೆ ಕೊಡಬೇಡಿ.

ಒಂದೇ ಒಂದು ಮರಿ ಅಂಟಿಕೊಂಡರೂ ಫೋಟೋ ಕಳಿಸಿ, ಅವಳ ಕಣ್ಣ ಮುಂದೆ ಹಿಡಿಯುತ್ತೇನೆ. ಒಂದೂ ಅಂಟದಿದ್ದರೆ ಏನೂ ಬರೆಯಬೇಡಿ. ಅಂಚೆ ತಡವಾಗಿದೆಯೆಂದು ನಾನೇ ಅವಳಿಗೆ ಹೇಳುತ್ತಿರುತ್ತೇನೆ.

ಇಂತಿ,
ಕಡ್ಡಿಯ ಅಜ್ಜಿ