ಓಗೊಟ್ಟ ದನಿ

ಮಾರ್ಚ್ ೪, ಬೆಳಗ್ಗೆ

ಓವರ್‌ಲಾಕ್ ಹೊಲಿಗೆ ಮಷೀನಿನ ಬೆಲ್ಟು ಮತ್ತೆ ಜಾರಿತು. ನನ್ನ ತಮ್ಮನ ಹಾಗೇ ಅದು, ಬಿಗಿ ಮಾಡಿದಷ್ಟೂ ಜಾರುತ್ತದೆ. ಪ್ಯಾಂಟುಗಳ ರಾಶಿ ಬಾಕಿ. ಅಮ್ಮ ಪರದೆಯ ಹಿಂದೆ ಗುಂಡಿ ಹೊಲಿಯುತ್ತಿದ್ದಾಳೆ.

ತಮ್ಮ ಲಿಫ್ಟ್ ರಿಪೇರಿಯವನು. ಏಣಿಯಿಂದ ಬಿದ್ದೆ ಎಂದಿದ್ದಾನೆ, ಅಮ್ಮ ನಂಬಿದ್ದಾಳೆ. ಬಿದ್ದದ್ದಲ್ಲ. ಬಸ್ ಸ್ಟಾಪಿನಲ್ಲಿ ಇಬ್ಬರು ಅವನ ಮೈಬಣ್ಣ ಎತ್ತಿ ಬೈದು, ಕೆಡವಿ ಒದ್ದರು. ಯಾರೋ ತೆಗೆದ ವಿಡಿಯೋ ಈಗ ಊರೆಲ್ಲ ಓಡಾಡುತ್ತಿದೆ. ಅಮ್ಮನ ಫೋನು ‘ರಿಪೇರಿಗೆ ಹೋಗಿದೆ’ — ನನ್ನ ಡ್ರಾಯರಿನಲ್ಲಿದೆ.

ಸಂಜೆ

ಜಿಪ್ ಹಾಕಿಸಲು ಬಂದ ಟೀಚರ್ ಕಣ್ಣಲ್ಲಿ ನೀರು. "ನಾನೂ ಶೇರ್ ಮಾಡ್ದೆ ಕಣಮ್ಮ. ಎಲ್ರಿಗೂ ಗೊತ್ತಾಗ್ಲಿ." ಅವನು ನಮ್ಮವನೆಂದು ಅವರಿಗೆ ಗೊತ್ತಿಲ್ಲ. ತಡೆಯುವಷ್ಟರಲ್ಲಿ ಪ್ಲೇ ಒತ್ತಿಯೇಬಿಟ್ಟರು. ಫೋನಿನಿಂದ ತಮ್ಮನ ದನಿ:

"ಅಮ್ಮಾ..."

ಪರದೆಯ ಹಿಂದೆ ಗುಂಡಿ ಡಬ್ಬಿ ಬಿತ್ತು. ಅಮ್ಮ ಈಚೆ ಬಂದಳು. ವಿಡಿಯೋ ನೋಡಲಿಲ್ಲ. ಕೇಳಿದ್ದು ಒಂದೇ: "ನನ್ನನ್ನ ಕರ್ದಿದಾನಲ್ಲೇ... ಯಾರಾದ್ರೂ ಓ ಅಂದ್ರಾ?"

ಕರೆದರೆ ಓಗೊಡಬೇಕು, ಬಚ್ಚಲಲ್ಲಿದ್ದರೂ. ನಮ್ಮ ಮನೆಯ ಕಾನೂನು. ಲಕ್ಷ ಜನ ನೋಡಿದ್ದಾರೆ. ಓ ಅಂದವರು ಒಬ್ಬರೂ ಆ ವಿಡಿಯೋದಲ್ಲಿಲ್ಲ.

ಮಾರ್ಚ್ ೫

ಅಮ್ಮನಿಗೆ ಗೊತ್ತಾಯಿತೆಂದು ತಮ್ಮನಿಗೆ ಹೇಳಿದೆ. ಗೋಡೆ ಕಡೆ ತಿರುಗಿ ಮಲಗಿದ. "ಒದೆ ತಿಂದಿದ್ದು ಒಂದ್ಸಲ ಅಕ್ಕ. ಒಬ್ಬೊಬ್ರು ಕಳ್ಸಿದಾಗ್ಲೂ ಮತ್ತೆ ತಿಂತೀನಿ."

ಆದರೆ ಆ ವಿಡಿಯೋ ಇಲ್ಲದಿದ್ದರೆ ಪೊಲೀಸರು ಆ ಇಬ್ಬರನ್ನು ಹಿಡಿಯುತ್ತಲೇ ಇರಲಿಲ್ಲ. ಅತ್ತ ದರಿ, ಇತ್ತ ಪುಲಿ.

ಮಾರ್ಚ್ ೯

ಬರೆಯಲು ಮನಸ್ಸಿರಲಿಲ್ಲ. ಅಮ್ಮ ಸೂಜಿ ಮುಟ್ಟಿಲ್ಲ. ತಮ್ಮ, ಯಾರು ಕರೆದರೂ ಓಗೊಡುವುದಿಲ್ಲ.

ಇವತ್ತು ಬಸ್ ಸ್ಟಾಪಿನ ಹೂವಿನಂಗಡಿಯಾಕೆ ನಮ್ಮನ್ನು ಹುಡುಕಿಕೊಂಡು ಬಂದರು. ಹೊಡೆದವರ ಮೈಬಣ್ಣದವರೇ. ಕೈಯಲ್ಲಿ ಜೇಬು ಹರಿದ ಏಪ್ರನ್.

"ವಿಡಿಯೋ ತೆಗ್ದಿದ್ದು ನಾನೇ. ಪೊಲೀಸ್ರಿಗೆ ಕಳ್ಸೋದು ಹೇಗೆ ಅಂತ ಅಕ್ಕನ ಮಗಳನ್ನ ಕೇಳ್ದೆ. ಅವ್ಳು ಊರಿಗೇ ಹಂಚಿಬಿಟ್ಳು, ನ್ಯಾಯ ಸಿಗ್ಲಿ ಅಂತ. ನಿಮ್ಮುಡುಗನ್ನ ಒಂದು ಮಾತು ಕೇಳ್ಬೇಕಿತ್ತು. ಅವ್ಳ ಹತ್ರ ತೆಗೆಸಿದೀನಿ, ಆದ್ರೆ..."

ಆದರೆ ಏನು! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಾಯಿಗೆ ಬಂದದ್ದು ಅನ್ನುವವಳಿದ್ದೆ.

"ಉಳಿದಿದ್ದು ಕೇಳಿದೀರಾ?" ಎಂದರು.

ಹಂಚುವಾಗ ಕತ್ತರಿಸಿ ಬಿಟ್ಟ ಭಾಗ. ಬರೀ ಕತ್ತಲು, ನೋಡಲು ಏನೂ ಇಲ್ಲ, ಯಾರಿಗೆ ಬೇಕು? ಫೋನು ಆಫ್ ಮಾಡದೆ ಏಪ್ರನ್ ಜೇಬಿಗೆ ತುರುಕಿ ಓಡಿದ್ದರಂತೆ. ಜೇಬು ಹರಿದದ್ದು ಆಗಲೇ.

ಅಮ್ಮ ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಓಡುವ ಸದ್ದು. ಬೈಗುಳ. ಮತ್ತೊಮ್ಮೆ "ಅಮ್ಮಾ..." ಅದರ ಬೆನ್ನಿಗೇ ಏದುಸಿರಲ್ಲಿ — "ಓ! ಬಂದೆ ಮಗಾ, ಬಂದೆ!"

"ಅಮ್ಮ ಅನ್ನೋ ವಯಸ್ಸಿನೋಳು ಅಲ್ಲಿ ನಾನೊಬ್ಳೇ ಇದ್ದೆ. ನನ್ನನ್ನೇ ಕರ್ದ ಅಂದ್ಕೊಂಡೆ," ಎಂದರು, ತಪ್ಪು ಮಾಡಿದವರ ಹಾಗೆ.

ಅಮ್ಮ ಅವರ ಎರಡೂ ಕೈ ಹಿಡಿದು ಅತ್ತಳು. ನಾನೂ ಅತ್ತೆ. ಯಾವ ಜನ್ಮದ ಋಣವೋ. ನಮ್ಮ ಹುಡುಗ ಒಬ್ಬನೇ ಇರಲಿಲ್ಲ.

ಮಾರ್ಚ್ ೧೦

ಬೆಲ್ಟು ಇವತ್ತು ಜಾರಿಲ್ಲ. ಅಮ್ಮ ಏಪ್ರನ್ ಜೇಬಿಗೆ ಕೈಯಲ್ಲೇ ಎರಡೆರಡು ಹೊಲಿಗೆ ಹಾಕುತ್ತಿದ್ದಾಳೆ.

ಟೀಚರಿಗೆ ಎಲ್ಲ ಹೇಳಿದೆ. ತಾವು ಹಂಚಿದ್ದ ವಿಡಿಯೋ ಡಿಲೀಟ್ ಮಾಡಿ, ಕ್ಷಮೆ ಕೇಳಿದರು. ಆಮೇಲೆ ಮೆಲ್ಲಗೆ, "ಆ ಕತ್ತಲಿನ ಭಾಗ ಹಾಕೋಣ್ವಾ? ಎಲ್ರೂ ಕೇಳ್ಬೇಕಾದ್ದು ಅದೇ."

ಆಸೆಯಾಯಿತು, ಸುಳ್ಳೇಕೆ. ಅಮ್ಮ ಹಲ್ಲಲ್ಲಿ ದಾರ ಕಡಿದು, "ಅವನನ್ನೇ ಕೇಳಿ," ಎಂದಳು. ಒಳಗೆ ತಿರುಗಿ ಕರೆದಳು, "ಮಗಾ..."

ಮೊದಲ ಕರೆಗೇ ಎಂದೂ ಓಗೊಡದ ಸೋಮಾರಿ.

"ಓ," ಎಂದ.

ಎದ್ದು ಬರುತ್ತಿದ್ದಾನೆ. ಏನೆನ್ನುತ್ತಾನೋ, ಅವನಿಷ್ಟ. ಅಮ್ಮ ನನ್ನನ್ನೂ ಕರೆಯುತ್ತಿದ್ದಾಳೆ. ಓ —